ತೂತಿನ ಕಲ್ಲು, ತೊಗರಿ ಚೀಲ

ನಮ್ಮ ಮನೆಯ ಅಂಗಳದಲ್ಲಿ ಎರಡು ಕಲ್ಲುಗಳಿವೆ. ಒಂದು ಬಾಗಿಲ ಪಕ್ಕ, ಇನ್ನೊಂದು ಅಂಗಳದ ಆ ತುದಿಗೆ ಬೇವಿನ ಗಿಡದ ಕೆಳಗೆ. ಎರಡೂ ನಾಲ್ಕಡಿ ಉದ್ದದ, ಎರಡಡಿ ಅಗಲದ ಶಹಾಬಾದ ಕಲ್ಲು. ಹಿಂಭಾಗಕ್ಕೆ ಇಟ್ಟಿಗೆ ಕೊಟ್ಟು ಇಳಿಜಾರಾಗಿ ಕೂಡಿಸಿದ್ದೇವೆ. ಮೇಲ್ತುದಿಯ ಹತ್ತಿರ ಒಂದೊಂದು ದುಂಡನೆಯ ತೂತು. ಸೇಡಂನಲ್ಲಿ ಹೊಸದಾಗಿ ನಮ್ಮ ಮನೆಗೆ ಬಂದವರು ಯಾರೇ ಇರಲಿ, ಚಹಾ ಕುಡಿದು ಮುಗಿಸುವುದರೊಳಗೆ ಆ ಕಲ್ಲುಗಳ ವಿಷಯ ಕೇಳದೆ ಎದ್ದು ಹೋಗಿಲ್ಲ. ಸಿಲಿಂಡರ್ ತರುವಾತ ಅವನ್ನು ಬಚ್ಚಲಿಗೆ ತರಿಸಿ ಅಳತೆ ತಪ್ಪಿ ಬಿಟ್ಟ ಕಲ್ಲು ಎಂದುಕೊಂಡಿದ್ದಾನೆ. ಓಣಿಯ ಕೊನೆಯ ಮನೆಯ ಅಜ್ಜಿಯೊಬ್ಬರು ಮಾತ್ರ ಏನೂ ಕೇಳುವುದಿಲ್ಲ. ಹೋಗುವಾಗ ಬರುವಾಗ ಬೇವಿನ ಗಿಡದ ಕೆಳಗಿನ ಕಲ್ಲಿಗೆ ಕೈ ಮುಗಿಯುತ್ತಾರೆ, ಸೋಮವಾರ ಎರಡು ಹೂವನ್ನೂ ಇಡುತ್ತಾರೆ. ಅದು ದೇವರಲ್ಲ ಅಂತ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಅದು ಆಟದ ಸಾಮಾನು. ನಿಮಗಾದರೂ ಹೇಳಿಬಿಡುತ್ತೇನೆ.

ಆಟವನ್ನು ನಮ್ಮ ಮನೆಗೆ ತಂದವಳು ನನ್ನ ತಮ್ಮನ ಹೆಂಡತಿ ಸುಜಾತಾ. ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲಿ, ಮದುವೆಯಾಗಿ ಬಂದದ್ದು ಚಿತ್ತಾಪುರಕ್ಕೆ. ನನ್ನ ತಮ್ಮ ಅಲ್ಲಿ ಕೋರ್ಟಿನಲ್ಲಿ ಗುಮಾಸ್ತ. ನನ್ನನ್ನು ತೆಲುಗಿನ ರೂಢಿಯಂತೆ 'ವದಿನಾ' ಅನ್ನುತ್ತಾಳೆ, ನಮ್ಮವ್ವನನ್ನು 'ಅತ್ತಮ್ಮ' ಅನ್ನುತ್ತಾಳೆ. ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತದೆ, ಸಿಟ್ಟು ಬಂದಾಗ ಮತ್ತು ಗೆದ್ದಾಗ ಮಾತ್ರ ತೆಲುಗು. ತವರಿಗೆ ಹೋದಾಗ ತನ್ನ ಅಣ್ಣನ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಮೇಲೆ ಹೆಂಗಸರೆಲ್ಲ ಸೇರಿ ಕಾರ್ನ್‌ಹೋಲ್ ಅನ್ನುವ ಆಟ ಆಡುವುದನ್ನು ನೋಡಿ, ಕಲಿತು, ಎಲ್ಲರನ್ನೂ ಸೋಲಿಸಿ ಬಂದಿದ್ದಳು.

"ಭಾಳ ಸುಲಭ ಅದ ವದಿನಾ. ಒಂದು ಹಲಗಿ, ಅದರಾಗ ಒಂದು ತೂತು. ದೂರ ನಿಂತು ಕಾಳಿನ ಚೀಲ ಒಗಿಯೋದು. ತೂತಿನ್ಯಾಗ ಬಿದ್ರ ಮೂರು, ಹಲಗಿ ಮ್ಯಾಲ ನಿಂತ್ರ ಒಂದು. ಇಪ್ಪತ್ತೊಂದು ಯಾರು ಮೊದಲು ಮಾಡ್ತಾರ ಅವ್ರು ಗೆದ್ರು. ಅಷ್ಟ."

ಅಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ಹಲಗೆ ಅಂದಳಲ್ಲ, ಅಲ್ಲಿಂದಲೇ ಶುರುವಾಯಿತು. ನಮ್ಮ ಮನೆಯವರದು ಕಲ್ಲಿನ ಅಂಗಡಿ. ಶಹಾಬಾದದಿಂದ, ವಾಡಿ ಕಡೆಯಿಂದ ಫರಸಿ ಹಾಸುಗಲ್ಲು ತರಿಸಿ ಮಾರುತ್ತಾರೆ. ನೆಲಕ್ಕೆ ಕಲ್ಲು, ಕಟ್ಟೆಗೆ ಕಲ್ಲು, ಅಡುಗೆಮನೆಯ ಮಾಡಿಗೆ ಕಲ್ಲು, ಕುಂಡ ಇಡಲಿಕ್ಕೆ ಕಲ್ಲು. ನಮ್ಮ ಮನೆಯಲ್ಲಿ ಕಟ್ಟಿಗೆಯ ಸಾಮಾನು ಎಂದರೆ ಲಟ್ಟಣಿಗೆ ಒಂದೇ. ಪ್ಲೈವುಡ್ ತರಬೇಕು ಅಂತ ಸುಜಾತಾ ಅಂದ ಕೂಡಲೇ ಅವರಿಗೆ ಅವಮಾನವೇ ಆಯಿತು.

"ಮನ್ಯಾಗ ಇಷ್ಟು ಕಲ್ಲು ಬಿದ್ದಾವ, ಕಟ್ಟಿಗಿ ಯಾಕ ತರ್ತೀರಿ? ಮಳಿಗಿ ಉಬ್ಬೂದಿಲ್ಲ, ಗೆದ್ದಲ ಹತ್ತೂದಿಲ್ಲ. ನಿಮ್ಮ ಮೊಮ್ಮಕ್ಕಳ ತನಕ ಆಡ್ರಿ" ಅಂದರು.

ಅಂಗಡಿಯ ಮಹಬೂಬ ಮಿಸ್ತ್ರಿಗೆ ಹೇಳಿದೆವು. ಆತ ಮಷೀನು ಹಿಡಿದುಕೊಂಡು ಬಂದು, ಪೆನ್ಸಿಲಿನಿಂದ ದುಂಡಗೆ ಗೆರೆ ಎಳೆದು, ಗಂಭೀರವಾಗಿ ನನ್ನ ಮುಖ ನೋಡಿ ಕೇಳಿದ: "ಅಕ್ಕಾ, ಇದು ಬೇಸಿನ್ನಿಂದೋ ಸಂಡಾಸಿಂದೋ? ಅಳತಿ ಬ್ಯಾರಿ ಬರ್ತದ, ಅದಕ್ಕ ಕೇಳ್ತೀನಿ."

ಆಟಕ್ಕೆ ಅಂದೆ. ಆತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, "ಹಂಗಾದ್ರ ಬೇಸಿನ್ ಅಳತಿನೇ ಹಾಕ್ತೀನಿ, ಆಟ ಬ್ಯಾಸರ ಬಂದ್ರ ಕೆಲಸಕ್ಕ ಬರ್ತದ" ಅಂದ. ಅವನಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ಸುಜಾತಾ ಅಂಗೈ ಅಗಲಿಸಿ ತೋರಿಸಿದ ಮೇಲೆಯೇ ಅಳತೆ ಸಣ್ಣದು ಮಾಡಿದ.

ಮಾಡಿದ್ದೇನೋ ಮಾಡಿದ, ಜೊತೆಗೆ ಪ್ರೀತಿಯಿಂದ ಪಾಲಿಶನ್ನೂ ಹೊಡೆದ. ಮುಖ ಕಾಣುವ ಹಾಗೆ. ಚೀಲ ಎಸೆದರೆ ಅದು ಕಲ್ಲಿನ ಮೇಲೆ ಬಿದ್ದು, ಜರ್ರನೆ ಜಾರಿ ವಾಪಸ್ಸು ನಮ್ಮ ಕಾಲ ಕಡೆಗೇ ಬರುತ್ತಿತ್ತು. ಮೊದಲ ದಿನ ನಾವಿಬ್ಬರೂ ಸೇರಿ ಎಸೆದ ಚೀಲಗಳಲ್ಲಿ ಒಂದೂ ನಿಲ್ಲಲಿಲ್ಲ. ಕಲ್ಲು ತಿರುವಿ ಹಾಕಿದೆವು. ಒರಟು ಮುಖಕ್ಕೆ ಚೀಲ ಉಜ್ಜಿ ಹರಿದು ತೊಗರಿಯೆಲ್ಲ ಅಂಗಳಕ್ಕೆ. ಕೊನೆಗೆ ಮಿಸ್ತ್ರಿಯೇ ಬಂದು, ಪಾಲಿಶ್ ಮುಖವನ್ನು ಮರಳುಕಲ್ಲಿನಿಂದ ತಿಕ್ಕಿ, ಹೊಳಪು ತೆಗೆದು ಕೊಟ್ಟ. ಹೊಳಪು ತೆಗೆಸಿದ ಗಿರಾಕಿ ಜೀವಮಾನದಲ್ಲಿ ನಾವೊಬ್ಬರೇ ಅಂತ ಹೇಳಿ ಹೋದ. ಆ ಕಲ್ಲುಗಳನ್ನು ನಾಲ್ಕು ಜನ ಎತ್ತಿ ಇಟ್ಟದ್ದು. ಅಂದಿನಿಂದ ಅವು ಅಲ್ಲಾಡಿಲ್ಲ.

ಇನ್ನು ಚೀಲ. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಉಳಿದ ಬಟ್ಟೆಯ ತುಂಡುಗಳು ನನ್ನ ಹತ್ತಿರ ಒಂದು ಮೂಟೆಯಷ್ಟಿವೆ. ಹೇಗೆ ಉಳಿದವು ಅಂತ ಕೇಳಬೇಡಿ, ಹೊಲಿಯುವವರನ್ನು ಯಾರೂ ಹಾಗೆ ಕೇಳಬಾರದು. ನಾಲ್ಕು ಕೆಂಪು, ನಾಲ್ಕು ಹಸಿರು ಚೀಲ ಹೊಲಿದೆ. ಎರಡನೆಯ ದಿನವೇ ಒಬ್ಬ ಗಿರಾಕಿ ಬಂದು ಹಸಿರು ಚೀಲವನ್ನು ಕೈಯಲ್ಲಿ ಹಿಡಿದು, "ಅಲ್ರೀ ಶಾಂತಕ್ಕಾ, ಬಟ್ಟಿ ಸಾಲಲಿಲ್ಲ ಅಂತ ನನ್ನ ತೋಳು ಗಿಡ್ಡ ಮಾಡಿ ಹೊಲ್ದಿದ್ರಿ?" ಅಂದಳು. ಆ ಗಿಡ್ಡ ತೋಳಿನ ದಂಡಕ್ಕೆ ನಾನು ಈಗ ಅವಳ ಸೀರೆಗಳಿಗೆ ಬಿಟ್ಟಿ ಫಾಲ್ ಹಚ್ಚಿ ಕೊಡುತ್ತಿದ್ದೇನೆ.

ಒಳಗೆ ತುಂಬಲಿಕ್ಕೆ ತೊಗರಿ. ನಮ್ಮ ಕಡೆ ಮತ್ತೇನು ತುಂಬುತ್ತಾರೆ? ಆದರೆ ಮನೆಯಲ್ಲಿ ಅವ್ವ ಇದ್ದಳು.

ಈಗ ಅವ್ವನ ಬಗ್ಗೆ ಹೇಳಬೇಕು. ಆಟ ಇದ್ದದ್ದೇ ಅವಳ ಸಲುವಾಗಿ.

ನಮ್ಮವ್ವ ಇಲ್ಲೇ ಹತ್ತಿರದ ಆಡಕಿ ಅನ್ನುವ ಹಳ್ಳಿಯವಳು. ಅಪ್ಪ ಹೋದ ಮೇಲೆ ಚಿತ್ತಾಪುರದಲ್ಲಿ ತಮ್ಮನ ಮನೆಯಲ್ಲಿ ಇರುತ್ತಾಳೆ. ಎಂಟು ದಿನಕ್ಕೆಂದು ನನ್ನ ಮನೆಗೆ ಬಂದವಳು ಒಂದು ತಿಂಗಳು ಉಳಿದಿದ್ದಳು. ಹತ್ತೊಂಬತ್ತಕ್ಕೆ ನನ್ನ ಮದುವೆಯಾದದ್ದು. ಆಮೇಲೆ, ಬಾಣಂತನ ಬಿಟ್ಟರೆ, ಒಂದು ತಿಂಗಳು ಸತತವಾಗಿ ಅವ್ವನ ಜೊತೆ ಇದ್ದದ್ದು ಇದೇ ಮೊದಲು. ಬೆಳಿಗ್ಗೆ ಅವಳು ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತು, ನನ್ನ ಚಹಾ ನೀರಾಗಿದೆ ಅಂತ ಬೈಯುವುದು ಕೇಳಿದರೆ ನನಗೆ ಐವತ್ತನಾಲ್ಕು ವರ್ಷ ಅನ್ನುವುದೇ ಮರೆತು ಹೋಗುತ್ತಿತ್ತು. ನನಗೆ ಅವಳು ಬೇಕಾಗಿತ್ತು. ಯುಗಾದಿಯ ತನಕವಾದರೂ ಬೇಕಾಗಿತ್ತು.

ಅವಳನ್ನು ಕರೆದೊಯ್ಯಲು ಸುಜಾತಾ ಬಂದಿದ್ದಳು. ಅತ್ತೆ ಸೊಸೆ ಅಂದರೆ ಜಗಳ ಅಂತ ನೀವು ತಿಳಿದಿದ್ದರೆ ತಪ್ಪು. ಅವರಿಬ್ಬರದು ಒಂದೇ ಗುಂಪು. ಸಂಜೆ ಇಬ್ಬರೂ ಕೂತು ಊರವರ ಸುದ್ದಿ ಸೋಸುವುದನ್ನು ನೀವು ನೋಡಬೇಕು. ಅತ್ತೆ ಇಲ್ಲದ ಮನೆಯಲ್ಲಿ ಸುಜಾತಾಗೆ ಬಾಯಿ ಕಟ್ಟಿ ಹಾಕಿದ ಹಾಗಾಗಿತ್ತಂತೆ.

"ನಾಳಿಗಿ ಮುಂಜಾನಿ ಗಾಡಿಗಿ ಅತ್ತಮ್ಮನ್ನ ಕರ್ಕೊಂಡು ಹೋಗ್ತೀನಿ" ಅಂದಳು.

"ಯುಗಾದಿ ಮುಗಿಸ್ಕೊಂಡು ಬರ್ತಾಳ ಬಿಡು" ಅಂದೆ.

"ಜನ ಏನಂತಾರ ವದಿನಾ? ಸೊಸಿ ನೋಡವಲ್ಲಳು, ಅದಕ್ಕ ಮಗಳ ಮನ್ಯಾಗ ಇದ್ದಾಳ ಅಂತಾರ."

ಅವ್ವನನ್ನು ಕೇಳಿದರೆ ಅವಳು ಗೋಡೆ ನೋಡುತ್ತಾ, "ನನಗೇನದ, ಎಲ್ಲಿ ಇಟ್ರ ಅಲ್ಲಿರ್ತೀನಿ" ಅಂದಳು. ನಮ್ಮ ಕಡೆಯ ಮುದುಕಿಯರು ಇದೊಂದು ಮಾತು ಕಲಿತುಬಿಟ್ಟಿದ್ದಾರೆ, ಇದರಿಂದ ಏನೂ ತಿಳಿಯುವುದಿಲ್ಲ. ಮಗಳ ಮನೆಯಲ್ಲಿ ಇರುತ್ತೇನೆ ಅಂತ ಬಾಯಿ ಬಿಟ್ಟು ಹೇಳುವುದು ಅವಳ ಕಾಲದವರಿಗೆ ಆಗದ ಮಾತು.

ಹೀಗೆ ಜಗ್ಗಾಟ ನಡೆದಾಗ ಸುಜಾತಾಳೇ ಪಂದ್ಯ ಕಟ್ಟಿದಳು. ಎಂಟು ದಿನ ತಾನು ಇಲ್ಲೇ ಇದ್ದು ನನಗೆ ಆಟ ಕಲಿಸುವುದು, ಒಂಬತ್ತನೆಯ ದಿನ ಒಂದೇ ಒಂದು ಆಟ. ಗೆದ್ದವರ ಮನೆಗೆ ಯುಗಾದಿಯ ತನಕ ಅವ್ವ. ಕಲಿಸುವವಳೂ ತಾನೇ, ಎದುರಾಳಿಯೂ ತಾನೇ! ನಾನು ಒಪ್ಪಿಕೊಂಡೆ ನೋಡಿ, ನನ್ನಂಥ ಜಾಣೆ ಸೇಡಂ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ.

ತೊಗರಿ ತುಂಬುವಾಗ ಅವ್ವ ಗದ್ದಲ ಮಾಡಿದಳು. "ಉಣ್ಣೋ ಕಾಳು ಒಗಿತಾರೇನ? ಕಾಲಾಗ ಬಿದ್ರ ಪಾಪ ಹತ್ತತದ." ಕೊನೆಗೆ ಅವಳೇ ಡಬ್ಬಿಯ ತಳದಲ್ಲಿದ್ದ ಹುಳ ಹಿಡಿದ ತೊಗರಿ ಆರಿಸಿ ಕೊಟ್ಟಳು. ಆದರೂ ನೆಲಕ್ಕೆ ಬಿದ್ದ ಪ್ರತಿಯೊಂದು ಚೀಲವನ್ನೂ ತಾನೇ ಎತ್ತಿ ಕಣ್ಣಿಗೆ ಒತ್ತಿಕೊಂಡು ನಮಗೆ ಕೊಡುತ್ತೇನೆ ಅಂತ ಕರಾರು. ನನ್ನ ಚೀಲಗಳು ನೆಲಕ್ಕೆ ಬೀಳುವ ವೇಗಕ್ಕೆ ಅವಳ ಕಣ್ಣು ಕೆಂಪಾದವು.

ಕಲಿಕೆ ಶುರುವಾಯಿತು. ಮೇಲಿಂದ ಎಸೆಯುವಂತಿಲ್ಲ, ಕೆಳಗಿಂದಲೇ ಕೈ ಬೀಸಬೇಕು. ಚೀಲವನ್ನು ಹಿಂಡಿ ಹಿಡಿಯುವಂತಿಲ್ಲ, ಅಂಗೈ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಬಲಗೈ ಬೀಸಿದರೆ ಎಡಗಾಲು ಮುಂದೆ. ಬಿಡುವಾಗ ಮಣಿಕಟ್ಟು ತುಸು ತಿರುಗಿಸಿದರೆ ಚೀಲ ಗಾಳಿಯಲ್ಲಿ ಗಿರ್ರನೆ ಸುತ್ತುತ್ತಾ ಹೋಗಿ ಚಪ್ಪಟೆಯಾಗಿ ಕೂಡುತ್ತದೆ, ರೊಟ್ಟಿ ಹಂಚಿನ ಮೇಲೆ ಬಿದ್ದ ಹಾಗೆ. ಸುಜಾತಾಳದು ಹಾಗೆಯೇ ಕೂಡುತ್ತಿತ್ತು. ನನ್ನದು ಒಂದು ಬೇವಿನ ಗಿಡಕ್ಕೆ, ಒಂದು ಪಕ್ಕದ ಮನೆಯ ಹಪ್ಪಳದ ಚಾಪೆಗೆ, ಒಂದು ಸಾಕ್ಷಾತ್ ನನ್ನ ಗಂಡನ ಬೆನ್ನಿಗೆ.

"ಅಲಾ ಕಾದು ವದಿನಾ, ಹಂಗಲ್ಲ! ಕಾಲು ತಪ್ಪು ಇಡಾಕತ್ತೀರಿ."

ಕಾಲು ತಪ್ಪಾಗುವುದಕ್ಕೆ ಕಾರಣವಿತ್ತು. ಕಾಲಿಗೆ ಗೊತ್ತಿತ್ತು, ಕೈಗೂ ಗೊತ್ತಿತ್ತು, ನಾನು ಮಾತ್ರ ಹೇಳುವಂತಿರಲಿಲ್ಲ. ನಾನು ಹುಟ್ಟಾ ಎಡಚಿ.

ಆಡಕಿಯಲ್ಲಿ ನಾನು ಸಣ್ಣವಳಿದ್ದಾಗ ಊಟಕ್ಕೆ ಕೂತರೆ ಎಡಗೈ ತಾನಾಗಿ ತಾಟಿಗೆ ಹೋಗುತ್ತಿತ್ತು. ಅವ್ವ ಒಂದೆರಡು ಸಲ ಹೊಡೆದಳು, ಆಮೇಲೆ ಹಳೆಯ ಸೀರೆಯ ಅಂಚು ಹರಿದು ಎಡಗೈಯನ್ನು ಸೊಂಟಕ್ಕೆ ಕಟ್ಟಿದಳು. ಎರಡು ವರ್ಷ ನಾನು ಒಂದು ಕೈ ಕಟ್ಟಿಸಿಕೊಂಡೇ ಉಂಡಿದ್ದೇನೆ. ಎಡಗೈಲೆ ಯಾರಿಗೂ ಏನೂ ಕೊಡಬಾರದು, ತಗೊಳ್ಳಬಾರದು, ಕಾಳು ಮುಟ್ಟಬಾರದು. ಬಲಗೈಯಿಂದ ಬರೆದೆ, ಬಲಗೈಯಿಂದ ರೊಟ್ಟಿ ಬಡಿದೆ, ಬಲಗೈಯಿಂದ ಕತ್ತರಿ ಹಿಡಿದು ಸಂಸಾರಕ್ಕೆ ಆಧಾರವಾದೆ. ಯಾರೂ ಇಲ್ಲದಾಗ ಮಾತ್ರ ಎಡಗೈಗೆ ರಜೆ ಕೊಡುತ್ತಿದ್ದೆ.

ಆ ರಜೆಯಲ್ಲಿ ಅದು ಏನೇನು ಮಾಡಿದೆ ಅಂತೀರಿ! ಹುಣಸೆ ಗಿಡಕ್ಕೆ ಗುರಿಯಿಟ್ಟು ಎಸೆಯುವುದರಲ್ಲಿ ಊರಿನ ಹುಡುಗರು ನನ್ನ ಮುಂದೆ ಏನೂ ಅಲ್ಲ. ಒಮ್ಮೆ ಎಸೆದ ಕಲ್ಲು ಗಿಡದ ಆಚೆ ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರ ರುಮಾಲನ್ನು ತಲೆಯಿಂದ ಎತ್ತಿ ಕೆಳಗಿಟ್ಟಿತು. ತಲೆಗೆ ಏನೂ ಆಗಲಿಲ್ಲ, ಮರ್ಯಾದೆಗೆ ಆಯಿತು. ಪಂಚಾಯಿತಿ ನಮ್ಮ ಮನೆಯ ಮುಂದೆ ಸೇರಿದಾಗ ನಾನು ಎಲ್ಲರ ಎದುರಿಗೆ ಬಲಗೈಯಿಂದ ಒಂದು ಕಲ್ಲು ಎಸೆದು ತೋರಿಸಿದೆ. ಅದು ನನ್ನ ಕಾಲಿನ ಹತ್ತಿರವೇ ಬಿತ್ತು. ಈ ಹುಡುಗಿಯ ಕೈಲಿ ಅದು ಆಗುವ ಕೆಲಸವಲ್ಲ ಅಂತ ಹಿರಿಯರೇ ತೀರ್ಮಾನ ಕೊಟ್ಟರು. ಅವ್ವ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಗ ನಾನು ಬಚಾವಾದೆ ಅಂದುಕೊಂಡಿದ್ದೆ.

ಒಂಬತ್ತನೆಯ ದಿನ ಬಂತು. ಊಟವಾದ ಮೇಲೆ ಅಂಗಳದಲ್ಲಿ ಆಟ. ನಮ್ಮ ಮನೆಯವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕ ಬರೆಯಲು ನಿಂತರು. ಅವ್ವ ಕಟ್ಟೆಯ ಮೇಲೆ, ಎಲೆ ಅಡಿಕೆಯ ಚೀಲದೊಂದಿಗೆ. ಪ್ರತಿ ಸುತ್ತಿಗೆ ಇಬ್ಬರೂ ನಾಲ್ಕು ನಾಲ್ಕು ಚೀಲ ಎಸೆಯಬೇಕು. ಯಾರದು ಹೆಚ್ಚೋ ಅವರಿಗೆ ಹೆಚ್ಚಿನಷ್ಟು ಮಾತ್ರ ಅಂಕ. ನನ್ನ ಬಲಗೈ ತನಗೆ ತಿಳಿದಷ್ಟು ದುಡಿಯಿತು, ಆದರೂ ಸ್ವಲ್ಪ ಹೊತ್ತಿಗೆ ಸುಜಾತಾ ಹದಿನೇಳು, ನಾನು ಎಂಟು. ನಮ್ಮ ಮನೆಯವರು ನನ್ನ ಎಂಟನ್ನು ದೊಡ್ಡದಾಗಿ ಬರೆದು ಉಪಕಾರ ಮಾಡಿದರು.

"ವದಿನಾ, ಅತ್ತಮ್ಮನ ಸೀರಿ ಕಟ್ಟಿ ಇಡ್ಲೇನು?" ಅಂದಳು ಸುಜಾತಾ.

ಅಷ್ಟರಲ್ಲಿ ಅವ್ವ ಎದ್ದು ಹಿತ್ತಲಿಗೆ ಹೋದಳು. ಅವಳ ಮೊಣಕಾಲು ನೋವಿನಲ್ಲಿ ಹಿತ್ತಲಿಗೆ ಹೋಗಿ ಬರುವುದು ಅಂದರೆ ಸಣ್ಣ ಪ್ರಯಾಣ. ಬಾಗಿಲಲ್ಲಿ ಅವಳ ಸೆರಗು ಮರೆಯಾದದ್ದೇ ತಡ, ನಾನು ಚೀಲವನ್ನು ಎಡಗೈಗೆ ವರ್ಗಾಯಿಸಿ ಬಲಗಾಲು ಮುಂದಿಟ್ಟೆ. ಕೈ ತಾನೇ ಬೀಸಿತು. ಚೀಲ ಗಾಳಿಯಲ್ಲಿ ಒಂದೇ ಸಮನೆ ಸುತ್ತಿ ಹೋಗಿ ಸೀದಾ ತೂತಿನೊಳಗೆ ಇಳಿಯಿತು. ಸುಜಾತಾಳ ಬಾಯಿ ತೆರೆದಿದ್ದು ತೆರೆದೇ ಉಳಿಯಿತು. ಇನ್ನೊಂದು. ಅದೂ ತೂತಿಗೆ. ಅವ್ವ ವಾಪಸ್ಸು ಬರುವುದರೊಳಗೆ ಎರಡು ಸುತ್ತು ಮುಗಿಸಿ ನಾನು ಹತ್ತೊಂಬತ್ತಾಗಿದ್ದೆ, ಸುಜಾತಾ ಹದಿನೇಳರಲ್ಲೇ ಇದ್ದಳು.

"ಇದೇನ್ರೀ, ಎಡಗೈ!" ಅಂತ ಅವಳು ಪಿಸುಗುಟ್ಟಿದಳು. "ಅತ್ತಮ್ಮಗ ಹೇಳ್ಲಾ?"

"ಹೇಳಿದ್ರ ನಿನ್ನ ರವಕಿ ಒಂದೂ ಹೊಲ್ಯಾಂಗಿಲ್ಲ ನೋಡು" ಅಂದೆ. ಅವಳು ಬಾಯಿ ಮುಚ್ಚಿದಳು.

ಅವ್ವ ಬಂದು ಕೂತಳು, ಗೋಡೆಯ ಅಂಕ ನೋಡಿದಳು, ನನ್ನನ್ನು ನೋಡಿದಳು. ನಾನು ಚೀಲವನ್ನು ಬಲಗೈಗೆ ತಂದುಕೊಂಡು ಪಾಪದವಳ ಹಾಗೆ ನಿಂತೆ. ಮುಂದಿನ ಸುತ್ತಿನಲ್ಲಿ ಸುಜಾತಾ ಇಪ್ಪತ್ತಕ್ಕೆ ಬಂದಳು, ನಾನು ಹತ್ತೊಂಬತ್ತರಲ್ಲೇ ಉಳಿದೆ. ಅದರ ಮುಂದಿನದೇ ಕೊನೆಯ ಸುತ್ತು. ಅವಳು ನಾಲ್ಕೂ ಎಸೆದಳು, ಎರಡು ಕಲ್ಲಿನ ಮೇಲೆ ನಿಂತವು. ನಾನು ಮೂರು ಎಸೆದೆ, ಒಂದು ನಿಂತಿತು. ನನ್ನ ಕೈಯಲ್ಲಿ ಉಳಿದದ್ದು ಒಂದೇ ಚೀಲ. ತೂತಿಗೆ ಬಿದ್ದರೆ ಅವಳಿಗಿಂತ ಎರಡು ಹೆಚ್ಚಾಗಿ ನನಗೆ ಇಪ್ಪತ್ತೊಂದು, ಅವ್ವ ನನ್ನವಳು. ನೆಲಕ್ಕೆ ಬಿದ್ದರೆ ಸುಜಾತಾಗೆ ಇಪ್ಪತ್ತೊಂದು, ಬೆಳಿಗ್ಗೆ ಗಾಡಿ.

ಎಡಗೈ ಬೆರಳುಗಳು ತಾವಾಗಿ ಆಡುತ್ತಿದ್ದವು. ಒಮ್ಮೆ ಚೀಲವನ್ನು ಎಡಗೈಗೆ ಕೊಟ್ಟೆ. ಅವ್ವನ ಕಡೆ ಕಣ್ಣು ಹೋಯಿತು, ಅವಳು ನೋಡುತ್ತಲೇ ಇದ್ದಳು. ಮತ್ತೆ ಬಲಗೈಗೆ ತಂದೆ. ನಿಮಗೆ ನಗು ಬರಬಹುದು. ಮಗಳ ಮದುವೆ ಮಾಡಿದ ಹೆಂಗಸು ನಾನು, ಎಡಗೈ ಎತ್ತಲು ನನಗೆ ಹೆದರಿಕೆಯಾಯಿತು. ಸೋತರೆ ಅವ್ವ ಹೋಗುತ್ತಾಳೆ ಅಂತ ಗೊತ್ತಿದ್ದೂ ಹೆದರಿಕೆಯಾಯಿತು.

"ತಾ ಇಲ್ಲಿ" ಅಂದಳು ಅವ್ವ.

ಎದ್ದು ಬರುತ್ತಿದ್ದಳು. ಸೊಂಟದ ಮೇಲೆ ಒಂದು ಕೈ, ಮುಖ ಗಂಟು.

"ನಾ ಎಲ್ಲಿರಬೇಕಂತ ಎಂಟು ದಿನದಿಂದ ಇಬ್ರೂ ಗುದ್ದಾಡಾಕತ್ತೀರಿ. ಮನಿ ಮುಂದ ನಾಟಕ ಹಚ್ಚೀರಿ. ಇರಾಕಿ ನಾನು. ನಾನಽ ಒಗಿತೀನಿ."

ಸುಜಾತಾ ಸಂತೋಷದಿಂದ ದಾರಿ ಬಿಟ್ಟಳು. "ಒಗೀರಿ ಅತ್ತಮ್ಮ, ಒಗೀರಿ! ಭಾಳ ಛಂದ!" ಚೀಲ ಎತ್ತಿ ಕಣ್ಣಿಗೊತ್ತಿಕೊಳ್ಳುವುದು ಬಿಟ್ಟರೆ ಅತ್ತಮ್ಮ ಒಂದು ದಿನವೂ ಎಸೆದವಳಲ್ಲ. ಇಪ್ಪತ್ತೇಳು ಅಡಿ ದೂರ, ನೋಯುವ ಮೊಣಕಾಲು. ಸುಜಾತಾ ಮನಸ್ಸಿನಲ್ಲಿ ಆಗಲೇ ಗೆದ್ದಿದ್ದಳು. "ಬ್ಯಾಡವ್ವಾ" ಅಂದೆ. ಅವಳು ಕೇಳಲಿಲ್ಲ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೀಲವನ್ನು ಕಣ್ಣಿಗೆ ಒತ್ತಿಕೊಂಡಳು. ಬಲಗಾಲನ್ನು ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಎಡಗೈ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು, ತುಸು ಮಣಿಕಟ್ಟು ತಿರುವಿ, ಚೀಲವನ್ನು ಬಿಟ್ಟಿತು. ಅದು ಕಲ್ಲನ್ನು ಮುಟ್ಟಲೂ ಇಲ್ಲ. ತೂತಿನೊಳಗೆ ಬಿದ್ದ ಸದ್ದಷ್ಟೇ ಕೇಳಿತು.

ನಮ್ಮ ಮನೆಯವರು ಸೀಮೆಸುಣ್ಣ ಹಿಡಿದು ಬರೆಯುವುದನ್ನೇ ಮರೆತರು. ಸುಜಾತಾಳ ತೆಲುಗು ಕೂಡ ಹೊರಗೆ ಬರಲಿಲ್ಲ. ಅವ್ವ ಎಡಗೈಯನ್ನು ಸೆರಗಿಗೆ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಕಟ್ಟೆಯ ಕಡೆ ಹೊರಟಳು. ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು, ಬಾಲ್ಯದ ಸಿಟ್ಟೆಲ್ಲ ಒಟ್ಟಿಗೇ ಬಂತು. ಹೋಗಿ ಅವಳ ಎದುರಿಗೆ ನಿಂತೆ.

"ನೀನೂ ಎಡಚಿ ಏನು? ಹಂಗಿದ್ರ ನನ್ನ ಕೈ ಯಾಕ ಕಟ್ಟಿದಿ?"

"ನಮ್ಮವ್ವ ನಂದು ಕಟ್ಟಿದ್ಳು" ಅಂದಳು. ಅವಳಿಗೆ ಅದಕ್ಕಿಂತ ದೊಡ್ಡ ಕಾರಣ ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾರಿಗೂ ತೋರ್ಸಿಲ್ಲ. ಈಗ್ಯಾಕ ತೋರ್ಸಿದಿ ಮತ್ತ?"

ಅವ್ವ ಸುಜಾತಾಳ ಕಡೆ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು:

"ಬಲಗೈಲೆ ಒಗೆದಿದ್ರ ಗುರಿ ತಪ್ಪತಿತ್ತಲ್ಲ."